ಬೆಕ್ಕಿನ ಬೀಗ

ಮಡಚಿಟ್ಟ ಬಟ್ಟೆಯ ರಾಶಿಯಿಂದ ಅತ್ತೆ ಒಂದೇ ಒಂದು ಟವೆಲ್ ಎತ್ತಿಕೊಂಡು ಒಳಕೋಣೆಗೆ ನಡೆದರು. ಬೀರುವಿನ ಬೀಗ ತೆಗೆದ ಸದ್ದು, ಬಾಗಿಲು ಕಿರುಗುಟ್ಟಿದ ಸದ್ದು, ಮತ್ತೆ ಬೀಗ ಹಾಕಿದ ಸದ್ದು. ತಿರುಗಿ ಬಂದು ಇನ್ನೊಂದು ಟವೆಲ್ ಎತ್ತಿಕೊಂಡರು. ಸೊಸೆ ಚಕಚಕನೆ ಮಡಚಿದಷ್ಟೂ ರಾಶಿ ಬೆಳೆಯುತ್ತಿತ್ತೇ ಹೊರತು ಕರಗುತ್ತಿರಲಿಲ್ಲ.

ಅವಳ ಮನಸ್ಸು ಮಾತ್ರ ಅಲ್ಲಿರಲಿಲ್ಲ. ಕಣ್ಣಾಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ರೋಗಿಗಳ ಕಣ್ಣಿನ ಚಿತ್ರಗಳ ನಕಲು ದಿನಾ ನೆಟ್‌ವರ್ಕಿನಲ್ಲಿ ಹಾದು, ರಸ್ತೆಯಾಚೆಯ ಕಟ್ಟಡದ ಬ್ಯಾಕಪ್ ಯಂತ್ರದಲ್ಲಿ ಬರೆದಾಗಬೇಕು. ಹೊಸ ಕ್ಯಾಮೆರಾ ಬಂದು ಚಿತ್ರಗಳು ದಿನಕ್ಕೆ ಲಕ್ಷ ದಾಟಿದ ಮೇಲೆ ಆ ಯಂತ್ರ ಏದುಸಿರು ಬಿಡುತ್ತಿತ್ತು. ಒಂದು ದಿನದ್ದನ್ನು ಬರೆಯುವುದಕ್ಕೆ ಇಪ್ಪತ್ತಾರು ಗಂಟೆ. ಹಾಗಾಗಿ ಇಪ್ಪತ್ತು ದಿನದ್ದು ಬಾಕಿ ಬಿದ್ದಿತ್ತು. "ನಕಲು ಪೂರ್ತಿಯಾಗಿದೆ, ಮೂಲದೊಂದಿಗೆ ತಾಳೆ ನೋಡಿದ್ದೇನೆ" ಎಂದು ನಿರ್ದೇಶಕರ ಕಚೇರಿಗೆ ಕಳಿಸಬೇಕಾದ ಪತ್ರ ಒಂಬತ್ತು ತಿಂಗಳಿಂದ ಅವಳ ಡ್ರಾಯರಿನಲ್ಲಿ ಮಲಗಿತ್ತು. ಶನಿವಾರದೊಳಗೆ ಅದು ಹೋಗದಿದ್ದರೆ ಕೆಲಸ ಹೊರಗಿನ ಕಂಪನಿಯ ಪಾಲು. ಅವಳು ವಿಚಾರಣೆಯ ಕೌಂಟರಿಗೆ. ಇವತ್ತು ಗುರುವಾರ.

"ಏನ್ ಮೇಡಂ, ನಿಮ್ಮ ನಕಲು ಇನ್ನೂ ರಸ್ತೆ ದಾಟ್ತಾ ಇದೆಯಾ? ಕೈ ಹಿಡಿದು ದಾಟಿಸಬೇಕಾ?" ಎಂದು ಸೂಪರಿಂಟೆಂಡೆಂಟರು ನಿನ್ನೆ ಎಲ್ಲರೆದುರು ಕೇಳಿದ್ದರು. ಆಮೇಲೆ ದನಿ ತಗ್ಗಿಸಿ, "ಒಂದು ಸಹಿ ಹಾಕಿಬಿಡಿ. ಯಾರು ನೋಡ್ತಾರೆ?" ಅಂದಿದ್ದರು.

"ನಾನು ನೋಡಿದ್ದೀನಲ್ಲ ಸಾರ್" ಅಂದಿದ್ದಳು ಅವಳು.

ಕೇಬಲ್ ಬದಲಾಯಿಸಿದ್ದಳು. ಡಿಸ್ಕುಗಳನ್ನೂ ಬದಲಾಯಿಸಿದ್ದಳು. ಫಲ ಸೊನ್ನೆ. ನಿನ್ನೆ ಸಂಜೆ ಒಂದು ದಿನದ ಚಿತ್ರಗಳಷ್ಟೇ ತೂಕದ ಒಂದೇ ದೊಡ್ಡ ಫೈಲನ್ನು ಕಳಿಸಿ ನೋಡಿದರೆ, ಹತ್ತು ನಿಮಿಷಕ್ಕೆ ಹೋಗಿ ಕೂತಿತ್ತು. ಹಾಗಾದರೆ ದಾರಿಯಲ್ಲಿ ತೊಡಕಿಲ್ಲ, ಡಿಸ್ಕೂ ಗಟ್ಟಿಯಾಗಿದೆ. ಚಿಕ್ಕ ಚಿಕ್ಕ ಫೈಲುಗಳಿಗೆ ಮಾತ್ರ ಏನು ದಾಡಿ?

ಅತ್ತೆ ಮತ್ತೆ ಬಂದರು.

"ಹತ್ತು ಬಟ್ಟೆ ಒಟ್ಟಿಗೆ ಒಯ್ಯಬಾರದಾ ಅತ್ತೆ?"

"ಒಯ್ದರೆ ಅಷ್ಟನ್ನೂ ಜೋಡಿಸಿ ಇಡೋವರೆಗೆ ಬೀರು ಬಾಯಿ ತೆರಕೊಂಡಿರುತ್ತೆ. ಬೆಕ್ಕು ಹೊಕ್ಕರೆ? ನನ್ನ ಉಣ್ಣೆ ಶಾಲಿನ ಮೇಲೆ ನಾಲ್ಕು ಮರಿ ಹಾಕಿತ್ತು, ಮರೆತೆಯಾ?"

"ಆ ಬೆಕ್ಕು ಸತ್ತು ಆರು ವರ್ಷ ಆಯ್ತು."

ಅತ್ತೆ ಹೊಸ್ತಿಲಲ್ಲೇ ನಿಂತು ಬೀಗದ ಕೈ ನೋಡಿಕೊಂಡರು. "ಆರಾಯ್ತಾ? ನನ್ನ ಕೈಗೆ ಯಾರೂ ಹೇಳಲೇ ಇಲ್ಲ ನೋಡು."

ಸೊಸೆಯ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ನಿಂತಿತು.

ಮೂರು ವರ್ಷದ ಹಿಂದೆ ನಕಲು ನಡೆಯುತ್ತಿರುವಾಗಲೇ ಕರೆಂಟ್ ಹೋಗಿ ಒಂದು ದಿನದ ಚಿತ್ರಗಳು ಹಾಳಾಗಿದ್ದವು. ಆ ಹೆದರಿಕೆಯಲ್ಲಿ ಬ್ಯಾಕಪ್ ಯಂತ್ರಕ್ಕೆ ಒಂದು ಕಟ್ಟಪ್ಪಣೆ ಹಾಕಿದವಳು ಅವಳೇ: ಒಂದೊಂದು ಫೈಲೂ ಡಿಸ್ಕಿನಲ್ಲಿ ಗಟ್ಟಿಯಾಗಿ ಕೂತ ಮೇಲೆಯೇ 'ತಲುಪಿತು' ಅನ್ನಬೇಕು, ಆಮೇಲೆಯೇ ಮುಂದಿನದು. ಮರುವರ್ಷವೇ ಆ ಕಟ್ಟಡಕ್ಕೆ ಬೀರುವಿನಷ್ಟು ದೊಡ್ಡ ಬ್ಯಾಟರಿ ಬಂತು. ಅಪ್ಪಣೆ ಮಾತ್ರ ಹಾಗೇ ಉಳಿದಿತ್ತು. ಊರಿನ ಕೇಬಲನ್ನೆಲ್ಲ ಅನುಮಾನಿಸಿದವಳು ತನ್ನ ಕೈಯನ್ನು ಅನುಮಾನಿಸಿರಲಿಲ್ಲ.

"ಮಿಕ್ಕಿದ್ದು ನೀವೇ ಮಡಚಿಬಿಡಿ ಅತ್ತೆ."

"ಈಗೆಲ್ಲಿಗೆ ಹೊರಟೆ?"

"ಬೆಕ್ಕು ಹಿಡಿಯೋಕೆ."

ಆಸ್ಪತ್ರೆಯಲ್ಲಿ ಕಂಪ್ಯೂಟರಿನೆದುರು ಕೂತವಳು ಅವಸರ ಮಾಡಲಿಲ್ಲ. ಕರೆಂಟ್ ಹೋದರೆ ಬ್ಯಾಟರಿ ಇದೆ. ಅದೂ ಕೈಕೊಟ್ಟರೆ ಮೂಲ ಇಲ್ಲೇ ಇದೆ, ಮತ್ತೆ ಕಳಿಸಬಹುದು. ಕೊನೆಗೆ ಹೇಗೂ ತಾಳೆ ನೋಡುವುದಿದೆ. ಮನಸ್ಸು ಒಪ್ಪಿದ ಮೇಲೆ ಆ ಒಂದು ಅಪ್ಪಣೆಯನ್ನು ತೆಗೆದುಹಾಕಿದಳು.

ಸೆಕೆಂಡಿಗೆ ಎರಡರಂತೆ ತೆವಳುತ್ತಿದ್ದ ಚಿತ್ರಗಳು ಹತ್ತಾದವು, ನಲವತ್ತಾದವು, ನೂರು ದಾಟಿದವು. ಪರದೆಯ ಮೇಲಿನ ಅಂಕಿ ಕಣ್ಣಿಗೆ ನಿಲ್ಲದಂತೆ ಓಡತೊಡಗಿತು. ಅರ್ಧ ಗಂಟೆಗೆ ಒಂದು ದಿನದ್ದು ಮುಗಿಯಿತು. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

ಸೂಪರಿಂಟೆಂಡೆಂಟರು ಇಣುಕಿದರು. "ಇದೇನು, ಪೂರ್ತಿ ಕೆಟ್ಟುಹೋಯ್ತಾ?"

"ಸರಿಹೋಯ್ತು ಸಾರ್."

ಅವರು ಕನ್ನಡಕ ಏರಿಸಿ ಅಂಕಿಯನ್ನು ನೋಡಿಯೇ ನೋಡಿದರು. "ತಪ್ಪು ಯಾರದು?"

"ನನ್ನದೇ."

"ಹಾಗಂತ ಪತ್ರದಲ್ಲಿ ಬರೆದುಗಿರೆದುಬಿಟ್ಟೀರಿ, ಜೋಕೆ."

"ಬರೀತೀನಿ" ಅಂದಳು. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು; ಖಾಲಿ ಕುರ್ಚಿ ಎಳೆದುಕೊಂಡು ಕೂತು, ಆಟ ನೋಡುವವರಂತೆ ಇನ್ನೊಂದು ದಿನದ್ದು ಮುಗಿಯುವವರೆಗೆ ನೋಡಿದರು.

ಶುಕ್ರವಾರ ಬೆಳಗ್ಗೆ ಬಂದಾಗ ಬಾಕಿ ಒಂದೂ ಉಳಿದಿರಲಿಲ್ಲ. ತಾಳೆ ನೋಡುವುದು ಮಧ್ಯಾಹ್ನ ಮೂರರವರೆಗೆ ನಡೆಯಿತು. ವ್ಯತ್ಯಾಸ: ಸೊನ್ನೆ. ಈ ಸೊನ್ನೆಯನ್ನು ಅವಳು ಎರಡು ಸಲ ಓದಿದಳು. ಡ್ರಾಯರಿನಿಂದ ಪತ್ರ ತೆಗೆದು ಹಳೆಯ ತಾರೀಕು ಹೊಡೆದುಹಾಕಿ ಹೊಸದನ್ನು ಬರೆದಳು. ತಪ್ಪು ಎಲ್ಲಿತ್ತು ಎಂದು ಕೆಳಗೆ ಎರಡು ಸಾಲು ಕೈಯಲ್ಲೇ ಸೇರಿಸಿ ಸಹಿ ಹಾಕಿದಳು.

"ಮಡಿಕೆಯೆಲ್ಲ ಹಳದಿಯಾಗಿದೆಯಲ್ಲ ಅಕ್ಕ, ಹೊಸದು ಪ್ರಿಂಟ್ ತೆಗೀಬಾರದಾ?" ಅಂದ ಟಪಾಲಿನವನು.

"ಇದೇ ಹೋಗಲಿ. ಕಾದು ಕಾದು ಸಾಕಾಗಿದೆ ಅದಕ್ಕೆ."

ಅವನು ಪತ್ರವನ್ನು ಚೀಲಕ್ಕೆ ಹಾಕಿ ಸೈಕಲ್ ಹತ್ತಿದ. ಚೀಲದ ಬಕಲ್ ಹಾಕಿರಲಿಲ್ಲ. ಕೂಗಿ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಸೈಕಲ್ ಗೇಟು ದಾಟಿತು, ಎಡಬಲ ನೋಡಿ ನಿಧಾನವಾಗಿ ರಸ್ತೆಯನ್ನೂ ದಾಟಿತು.