ಬಾಗಿಲಣ್ಣನ ಭಯ

ಶವಾಗಾರದ ಬಾಗಿಲನ್ನು ತಟ್ಟಿ, ಒಳಗಿನವರ ಅಪ್ಪಣೆಗಾಗಿ ಕಾಯುವ ಮನುಷ್ಯನನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿದ್ದು ಒಬ್ಬನನ್ನೇ. ಬೀಗದ ಕೈ ಆತನ ಸೊಂಟದಲ್ಲೇ ಇರುತ್ತಿತ್ತು; ಒಳಗೆ ಉತ್ತರ ಕೊಡುವ ಜೀವ ಒಂದೂ ಇಲ್ಲವೆಂಬುದನ್ನು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ; ಆದರೂ ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿ, ಒಮ್ಮೆ ಕೆಮ್ಮಿ, ತಲೆ ತಗ್ಗಿಸಿ ಒಂದು ಗಳಿಗೆ ನಿಂತು, ಆಮೇಲಷ್ಟೇ ಬೀಗಕ್ಕೆ ಕೈ ಹಾಕುತ್ತಿದ್ದ. ಆಸ್ಪತ್ರೆಯವರೆಲ್ಲ ಆತನನ್ನು ಬಾಗಿಲಣ್ಣ ಎಂದೇ ಕರೆಯುತ್ತಿದ್ದರು.

ಶವಾಗಾರವಿದ್ದ ನೆಲಮಾಳಿಗೆಯಲ್ಲೇ ಎರಡು ಕೋಣೆ ಆಚೆಗೆ ದಾಖಲೆ ವಿಭಾಗ. ಅಲ್ಲಿ ನಾನು ಏಳು ವರ್ಷ ಕಾಗದಗಳ ನಡುವೆ ಕೂತಿದ್ದೆ. ಬಾಗಿಲಣ್ಣ ಎಂದೂ ಆ ನೆಲಮಾಳಿಗೆಯ ಓಣಿಯ ನಡುಮಧ್ಯೆ ನಡೆದವನಲ್ಲ. ಸರಕಾರ ಕೊಟ್ಟ, ಆತನಿಗಿಂತ ಎರಡು ಅಳತೆ ದೊಡ್ಡದಾದ ಬೂದು ಕೋಟು ಗೋಡೆಗೆ ಉಜ್ಜುವಷ್ಟು ಪಕ್ಕಕ್ಕೆ ಸರಿದು, ಎದುರಿನಿಂದ ಯಾರೋ ಬರುತ್ತಿದ್ದಾರೆ, ಅವರಿಗೆ ದಾರಿ ಬಿಡಬೇಕು ಎಂಬಂತೆ ನಡೆಯುತ್ತಿದ್ದ. ಆ ಕೋಟಿನ ಎಡ ಭುಜ ಸುಣ್ಣದಿಂದ ಸದಾ ಬಿಳುಪಾಗಿರುತ್ತಿತ್ತು. ಸತ್ತ ಮೇಲೆ ಏನೂ ಇಲ್ಲ ಕಣಯ್ಯ ಎಂದು ನಾನೊಮ್ಮೆ ಚಹಾ ಕುಡಿಯುತ್ತ ಧೈರ್ಯವಾಗಿ ಹೇಳಿದಾಗ, ಆತ ಹಿಂದೆ ಮುಂದೆ ನೋಡಿ, "ಮೆಲ್ಲಗೆ ಹೇಳಿ ಸಾರ್. ಇದ್ರೂ ಇರಬಹುದು" ಎಂದಿದ್ದ.

"ಇದ್ರೂ ಇರಬಹುದು" ಎಂಬುದು ಆತನ ಮಾತಿನ ಬಾಲ, ಬದುಕಿನ ತಲೆ. ನಾವು ನೀವೆಲ್ಲ ಒಂದು ದೇವರಿಗೆ ಹೆದರಿದರೆ, ಅದೂ ಪುರಸೊತ್ತಾದಾಗ ಹೆದರಿದರೆ, ಆತ ಸಕಲ ದೇವರುಗಳಿಗೂ ಏಕಕಾಲಕ್ಕೆ ಹೆದರುತ್ತಿದ್ದ. ತಪ್ಪು ಆತನದಲ್ಲ, ಉದ್ಯೋಗದ್ದು. ಪ್ರತಿ ದೇಹದ ಕಾಲಿಗೆ ಕಟ್ಟುವ ಚೀಟಿಯಲ್ಲಿ ಹೆಸರು, ವಯಸ್ಸುಗಳ ಕೆಳಗೆ ಧರ್ಮ ಎಂಬ ಕಾಲಂ ಇರುತ್ತಿತ್ತು. ಅದನ್ನು ಓದಿಯೇ, ಯಾರನ್ನು ಸೂರ್ಯಾಸ್ತದೊಳಗೆ ಕಳಿಸಬೇಕು, ಯಾರ ಕೈಗಳನ್ನು ಎದೆಯ ಮೇಲೆ ಜೋಡಿಸಬೇಕು, ಯಾರ ಹೆಂಗಸರನ್ನು ಗಂಡಸರು ಮುಟ್ಟಬಾರದು ಎಂದು ಆತ ತಿಳಿಯಬೇಕಿತ್ತು. ಬೆಂಕಿಗೆ ಹೋಗುವವರನ್ನೂ ಮಣ್ಣಿಗೆ ಹೋಗುವವರನ್ನೂ ಮೂವತ್ತು ವರ್ಷ ಒಂದೇ ಬಾಗಿಲಿಂದ ಕಳಿಸಿಕೊಟ್ಟು, ಬಂಧುಗಳು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೇಳಿದ್ದನ್ನೆಲ್ಲ ನಂಬಿದ್ದ. ಕೈಮೇಲೆ ಕೂತ ಸೊಳ್ಳೆಯನ್ನು, ಹಿಂದಿನ ಜನ್ಮದಲ್ಲಿ ಯಾರಾಗಿತ್ತೋ ಏನೋ ಎಂದು ಊದಿ ಕಳಿಸುತ್ತಿದ್ದ. ಗೋರಿಯೊಳಗೆ ಇಬ್ಬರು ದೇವದೂತರು ಬಂದು ಪ್ರಶ್ನೆ ಕೇಳುತ್ತಾರೆಂದು ತಿಳಿದ ಮೇಲೆ, ಮನೆಗೆ ಹೋಗುವ ದಾರಿಯಲ್ಲಿ ಉತ್ತರಗಳನ್ನು ಗುನುಗಿಕೊಳ್ಳುತ್ತಿದ್ದ. ನಿಮ್ಮವರು ಸುಡುವವರಲ್ಲವೇ, ನಿನಗೇಕೆ ಆ ಪರೀಕ್ಷೆ ಎಂದು ನಾನು ಛೇಡಿಸಿದರೆ, "ಸುಟ್ಟ ಮೇಲೂ ಕೇಳಿದ್ರೆ?" ಎಂದು ಕಣ್ಣು ಬಿಟ್ಟ. ಅಂದು ನಕ್ಕೆ; ಆದರೆ ಅದಾದ ಮೇಲೆ ಆ ಓಣಿಯಲ್ಲಿ ಒಬ್ಬನೇ ನಡೆಯುವಾಗ ನಾನೂ ಗೋಡೆಯ ಕಡೆಗೆ ಸರಿಯುತ್ತಿದ್ದೆ.

ಈ ಭಯಕ್ಕೆಲ್ಲ ತಾಯಿಬೇರು ಬೇರೊಂದಿತ್ತು, ಅದು ಆತನ ಹೆಂಡತಿ. ಆಸ್ಪತ್ರೆಯ ಹೊದಿಕೆಗಳನ್ನೂ ಶಸ್ತ್ರಕ್ರಿಯೆಯ ಅಂಗಿಗಳನ್ನೂ ಹೊಲಿಯುತ್ತಿದ್ದ ಆಕೆಯನ್ನು ನಾವು ಹೊಲಿಗೆಯಕ್ಕ ಎನ್ನುತ್ತಿದ್ದೆವು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಆಕೆಯ ಮಾತೂ ಹಾಗೆಯೇ ಚುರುಕು. ಆಕೆ ಚರ್ಚಿಗೆ ಹೋಗುವವಳು, ಈತ ದೇವಸ್ಥಾನಕ್ಕೆ. ಯಾರೂ ಯಾರನ್ನೂ ತಮ್ಮ ಕಡೆಗೆ ಎಳೆಯದೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದರು. ಉಪ್ಪು ಹೆಚ್ಚಾಯಿತೆಂದು ಜಗಳವಾಡಿದ್ದುಂಟು, ದೇವರಿಗಾಗಿ ಒಮ್ಮೆಯೂ ಇಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರಿಗೂ ಇದ್ದವರು ಇಬ್ಬರೇ.

ಆಕೆಯ ಹೃದಯದ ಕವಾಟ ಕೆಟ್ಟಿದೆ, ನಾಲ್ಕು ದಿನದಲ್ಲಿ ಶಸ್ತ್ರಕ್ರಿಯೆ ಆಗಲೇಬೇಕು, ಏನು ಬೇಕಾದರೂ ಆಗಬಹುದು ಎಂದು ವೈದ್ಯರು ಹೇಳಿದ ದಿನ ಬಾಗಿಲಣ್ಣ ನನ್ನ ಕೋಣೆಗೆ ಬಂದ. ಕೂರು ಎಂದರೆ ಕೂರಲಿಲ್ಲ. ಕೋಟಿನ ಗುಂಡಿಯನ್ನು ತಿರುಚುತ್ತ ನಿಂತು, ನೆಲಕ್ಕೆ ಹೇಳುವಂತೆ ಹೇಳಿದ: "ಅವಳು ಮಣ್ಣಿನಲ್ಲಿ ಕೊನೆ ದಿನದ ತನಕ ಕಾಯ್ತಾಳೆ ಸಾರ್. ನಾನು ಅಷ್ಟರೊಳಗೆ ಎಲ್ಲೋ ಯಾರದೋ ಮಗು ಆಗಿ ಹುಟ್ಟಿಬಿಟ್ಟಿರ್ತೀನಿ. ಅವಳು ಎದ್ದು ಬಂದು ಯಾರನ್ನ ಅಂತ ಹುಡುಕ್ತಾಳೆ?"

ಪರಲೋಕವಿಲ್ಲವೆನ್ನುವ ನನ್ನ ಪಾಂಡಿತ್ಯ ಆ ಹೊತ್ತಿಗೆ ಕಾಸಿನ ಪ್ರಯೋಜನಕ್ಕೂ ಬರಲಿಲ್ಲ.

ಮುಂದಿನ ಮೂರು ದಿನ ಆತ ಕಾಲಿಗೆ ಚಕ್ರ ಕಟ್ಟಿಕೊಂಡು ಊರೆಲ್ಲ ಸುತ್ತಿದ. ಋಣವಿರುವಷ್ಟು ದಿನ ಜೊತೆ, ತೀರಿದ ಮೇಲೆ ಜೀವಕ್ಕೆ ಹಿಂದಿನ ಜನ್ಮದ ಗುರುತೂ ಉಳಿಯದು ಎಂದರಂತೆ ಶಾಸ್ತ್ರಿಗಳು. ಹೆಂಡತಿಯ ಹೆಸರೆತ್ತದೆ ಪಾದ್ರಿಗಳನ್ನು ವಿಚಾರಿಸಿದರೆ, ಎಲ್ಲರೂ ಎದ್ದು ಬರುವ ಆ ಬದುಕಿನಲ್ಲಿ ಮದುವೆಯೆಂಬುದಿಲ್ಲ ಎಂದು ಅವರು ಮೃದುವಾಗಿಯೇ ಹೇಳಿದರು. ಸಜ್ಜನರ ಸಂಸಾರಗಳು ಅಲ್ಲಿ ಮತ್ತೆ ಕೂಡುವುದುಂಟು, ಆದರೆ ಅದಕ್ಕೆ ಮೊದಲು ವಿಚಾರಣೆಯ ದಿನ ಪ್ರತಿಯೊಬ್ಬನೂ ಒಂಟಿಯಾಗಿಯೇ ನಿಲ್ಲಬೇಕು ಎಂದರು ಮೌಲ್ವಿಗಳು. ಪ್ರಾಣ ಹೋದ ಕ್ಷಣದಲ್ಲೇ ಜೀವ ಇನ್ನೊಂದು ದೇಹದತ್ತ ಹೊರಟುಬಿಡುತ್ತದೆಂದು ಜೈನ ಮುನಿಗಳು ಹೇಳಿದಾಗ ಆತ ಬೆವತುಹೋದ: ಹಾಗಾದರೆ ತಾನು ಇಷ್ಟು ವರ್ಷ ಬಾಗಿಲು ತಟ್ಟಿದ್ದು ಯಾರಿಗೆ? ಬೌದ್ಧ ಭಿಕ್ಷುವೊಬ್ಬರು ಮಾತ್ರ ತಿರುಗಿ ಪ್ರಶ್ನೆ ಹಾಕಿದರಂತೆ. ಮದುವೆಯ ದಿನದ ಅವಳು ಇವತ್ತು ಎಲ್ಲಿದ್ದಾಳೆ, ಅಂದಿನ ನೀನು ಎಲ್ಲಿದ್ದೀಯೆ, ಯಾರು ಯಾರನ್ನು ಹುಡುಕಬೇಕು ಎಂದು. ಅತ್ತ ದರಿ ಇತ್ತ ಪುಲಿ ಎಂಬುದೇ ವಾಸಿ, ಅಲ್ಲಿ ದಿಕ್ಕುಗಳಾದರೂ ಎರಡೇ. ಈತನಿಗೆ ಹೊರಳಿದ ಕಡೆಯೆಲ್ಲ ಅಗಲಿಕೆಯೇ ಕಂಡಿತು.

ಈ ನಡುವೆ ಆತ ಮಾಡಿದ ಕೆಲಸವೊಂದಿತ್ತು. ಮೊದಲ ದಿನವೇ, ಹೆಂಡತಿಯನ್ನು ದಾಖಲು ಮಾಡುವ ಅರ್ಜಿಯ ಧರ್ಮದ ಕಾಲಂನಲ್ಲಿ ಆಕೆಯದನ್ನು ಬಿಟ್ಟು ತನ್ನ ಧರ್ಮವನ್ನು ಬರೆದಿದ್ದ. ಚೀಟಿಯಲ್ಲಿ ಏನಿದೆಯೋ ಅದೇ ದಾರಿ ಎಂದು ಮೂವತ್ತು ವರ್ಷ ನಂಬಿ ದುಡಿದವನಿಗೆ, ಚೀಟಿ ಬದಲಾದರೆ ದಾರಿಯೂ ಬದಲಾದೀತು, ಇಬ್ಬರೂ ಒಂದೇ ಕಡೆ ಹೊರಟೇವು ಎಂದು ತೋರಿತ್ತು. ನಗಬೇಡಿ. ಅವನ ಜಾಗದಲ್ಲಿ ನಿಂತಿದ್ದರೆ ನಾವೂ ಬರೆಯುತ್ತಿದ್ದೆವು.

ಶಸ್ತ್ರಕ್ರಿಯೆಯ ಹಿಂದಿನ ಸಂಜೆ ಪಾದ್ರಿಗಳು ವಾರ್ಡುಗಳಿಗೆ ಬಂದು, ತಮ್ಮವರ ಹಾಸಿಗೆಯ ಬಳಿ ನಿಂತು ಪ್ರಾರ್ಥನೆ ಮಾಡುವುದು ವಾಡಿಕೆ. ಯಾರ ಬಳಿಗೆ ಹೋಗಬೇಕೆಂಬ ಪಟ್ಟಿ ನಮ್ಮ ವಿಭಾಗದ್ದು. ಕಾಲಂ ನೋಡಿ ಪಟ್ಟಿ ಮಾಡಿದವನು ನಾನೇ, ಹೆಸರಿನ ಮೇಲೆ ಕಣ್ಣು ಹಾಯಿಸಲಿಲ್ಲ. ಅವತ್ತು ಬಂದವರು ಹೊಸ ಪಾದ್ರಿ, ಹೊಲಿಗೆಯಕ್ಕನ ಪರಿಚಯವಿಲ್ಲದವರು. ಅವರು ಪಕ್ಕದ ಹಾಸಿಗೆಯ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ತಲೆಗೂದಲು ಬಾಚಿ ಕಟ್ಟಿಕೊಂಡು ಕಾದು ಕೂತಿದ್ದ ಆಕೆಯನ್ನು ದಾಟಿ ಹೊರಟೇಹೋದರು. ದೇವರೇ ತನ್ನನ್ನು ಪಟ್ಟಿಯಿಂದ ತೆಗೆದುಹಾಕಿದ ಎಂದುಕೊಂಡು ಆಕೆ ನಡುಗಿಹೋದಳು. ನರ್ಸು ಅರ್ಜಿಯನ್ನು ತಂದು ತೋರಿಸಿದಾಗ, ಆ ಅಕ್ಷರ ಯಾರದೆಂದು ಆಕೆಗೆ ತಿಳಿಯಿತು.

ಸುದ್ದಿ ಕೇಳಿ ನಾನು ಓಡಿಹೋದಾಗ ಬಾಗಿಲಣ್ಣ ಮಂಚದ ಕಾಲಬಳಿ ನಿಂತು, ಇದ್ದದ್ದನ್ನೆಲ್ಲ ಆಗಲೇ ಒಪ್ಪಿಕೊಂಡಿದ್ದ. ಹೊಲಿಗೆಯಕ್ಕ ದನಿ ಏರಿಸಲಿಲ್ಲ.

"ಕೊನೆ ದಿನ ನಾನು ನಿಮ್ಮನ್ನ ಹುಡುಕ್ತೀನೋ ಇಲ್ವೋ, ಅದು ಆಮೇಲಿನ ಮಾತು ರೀ. ನನಗೆ ಹೆದರಿಕೆ ಆಗ್ತಿರೋದು ಇವತ್ತು. ಮೂರು ದಿನದಿಂದ ಈ ಕುರ್ಚಿ ಖಾಲಿ ಇದೆ."

ಆತ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಆಕೆಯ ಧರ್ಮವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಉಳಿದ ವಾರ್ಡುಗಳನ್ನು ಮುಗಿಸಿ ಹೊರಟಿದ್ದ ಪಾದ್ರಿಗಳನ್ನು ಗೇಟಿನಿಂದ ವಾಪಸು ಕರೆತಂದ. ಪ್ರಾರ್ಥನೆ ಮುಗಿದ ಮೇಲೆ ಆ ಕುರ್ಚಿಯಲ್ಲಿ ಕೂತವನು ಮಾರನೆಯ ಬೆಳಿಗ್ಗೆ ಆಕೆಯನ್ನು ಒಳಗೆ ಕರೆದೊಯ್ಯುವವರೆಗೂ ಏಳಲಿಲ್ಲ. ಆಮೇಲಿನ ಐದು ಗಂಟೆ, ಶಸ್ತ್ರಕ್ರಿಯೆಯ ಕೋಣೆಯ ಹೊರಗೆ, ಯಾವ ದೇವರನ್ನು ಕರೆಯಬೇಕೆಂದು ತಿಳಿಯದೆ ನಿಂತಿದ್ದ.

ಆಕೆ ಉಳಿದಳು. ಹೋದವನು ಆತನೇ, ಅದಾದ ಮೂರನೆಯ ವರ್ಷ, ಕೆಲಸಕ್ಕೆ ಹೊರಡಲು ಕೋಟಿಗೆ ತೋಳು ತೂರಿಸುತ್ತಿದ್ದಾಗ.

ಕಾಗದಪತ್ರ ಮುಗಿಸಲು ಹೊಲಿಗೆಯಕ್ಕ ನನ್ನ ಕೋಣೆಗೆ ಬಂದಳು. ಧರ್ಮದ ಕಾಲಂಗೆ ಬಂದಾಗ ನಾನು ಪೆನ್ನು ತಡೆದು ಆಕೆಯ ಮುಖ ನೋಡಿದೆ. ಯಾರೂ ಕೇಳುವವರಿರಲಿಲ್ಲ, ಏನು ಬರೆದರೂ ನಡೆಯುತ್ತಿತ್ತು. ಆಕೆಗೂ ಅದು ಹೊಳೆದಿರಬೇಕು. ಕಣ್ಣಲ್ಲಿ ಆತನದೇ ಭಯ ಒಮ್ಮೆ ಹಾದುಹೋಯಿತು. ಆಮೇಲೆ ಕಾಗದವನ್ನು ತನ್ನ ಕಡೆಗೆಳೆದುಕೊಂಡು, ಆತನ ಧರ್ಮವನ್ನೇ ತನ್ನ ಕೈಯಾರೆ ಬರೆದಳು.

"ಎಲ್ಲಿ ಹುಟ್ಟಿದ್ರೂ ಹೆದರ್ಕೊಂಡೇ ಹುಟ್ಟಿರ್ತಾರೆ ಸಾರ್" ಎಂದಳು. "ನಾನು ಗುರುತು ಹಿಡೀತೀನಿ."

ಹೆದರುವವರನ್ನು ಹೇಡಿಗಳೆಂದು ಕರೆದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಆದರೆ ತನ್ನ ಪ್ರಾಣಕ್ಕಾಗಿ ಹೆದರುವವನ ಜಾತಿ ಬೇರೆ, ಇನ್ನೊಬ್ಬರ ಕೈ ತಪ್ಪಿಹೋದೀತೆಂದು ಹೆದರುವವನ ಜಾತಿ ಬೇರೆ. ಮೊದಲಿನವರಿಗೆ ಎಲ್ಲ ಧರ್ಮಗಳೂ ಅಷ್ಟಿಷ್ಟು ಧೈರ್ಯ ಕೊಡುತ್ತವೆ. ಎರಡನೆಯವರಿಗೆ ಸ್ವರ್ಗದ ಮಾತೂ ಭಯವನ್ನೇ ತರುತ್ತದೆ, ಏಕೆಂದರೆ ಯಾವ ಸ್ವರ್ಗವೂ ಇಬ್ಬರು ಒಟ್ಟಿಗೇ ಬರುತ್ತೇವೆಂದರೆ ಆಗಲಿ ಎಂದು ಮಾತು ಕೊಟ್ಟಿಲ್ಲ.