ಶಾಯಿ ಹರಡದ ಕಾಗದ

ಕ್ಯಾನ್ಸರು, ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ ದಿನ ನಮ್ಮ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

"ಆಪರೇಷನ್ ಆದ್ಮೇಲೆ ಕೈ ಸರಿಯಾಗಿ ಆಡುತ್ತೆ ತಾನೆ?"

ಡಾಕ್ಟರು ಕನ್ನಡಕ ತೆಗೆದು ಇವರ ಮುಖ ನೋಡಿದರು. ಗಂಟಲಿನ ಆಪರೇಷನ್ನಿಗೂ ಕೈಗೂ ಏನು ಸಂಬಂಧವೆಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಮಾತು ಹೋದರೆ ಹೋಗಲಿ, ಇನ್ನು ಮೇಲೆ ಬರೆದು ಬದುಕುತ್ತೇನೆ ಎಂದು ಆ ಕುರ್ಚಿಯಲ್ಲಿ ಕೂತಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು ಮಹಾನುಭಾವರು.

ಅವರ ಹೆಸರು ಸೇತುರಾಮ. ಬಾಯಲ್ಲಿ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ಸರ್ಕಾರಿ ಲೆಕ್ಕಪತ್ರ ನೋಡುವ ಏಜೀಸ್ ಆಫೀಸಿನಿಂದ ರಿಟೈರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ವಿಮಲಾ. ಜಯನಗರ ಏಳನೇ ಬ್ಲಾಕಿನಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ಇದು ಎಪ್ಪತ್ತೇಳನೇ ಇಸವಿಯ ಮಾತು. ಯಜಮಾನರಿಗೆ ಮದುವೆಗೆ ಮುಂಚಿನಿಂದಲೂ ಡೈರಿಯ ಅಭ್ಯಾಸ. ಸಂಜೆ ಕಾಫಿ ಆದ ಮೇಲೆ ಒಂದು ಪುಟ ಬರೆಯಲೇಬೇಕು, ಅದೂ ಇಂಕ್ ಪೆನ್ನಿನಲ್ಲಿ. ಬಾಲ್ ಪೆನ್ ಹಿಡಿದವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಆ ಡೈರಿಗಳು ಇಂಗ್ಲಿಷಿನಲ್ಲಿ. ನನ್ನ ಓದು ಕನ್ನಡದ್ದು. ವಾರಪತ್ರಿಕೆ, ಮಾಸಪತ್ರಿಕೆ, ಲೈಬ್ರರಿಯಿಂದ ತಂದ ಕಾದಂಬರಿ ಎಲ್ಲ ಓದಿ ಮುಗಿಸುತ್ತಿದ್ದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಕೂಡಿಸಿ ಅಂಗಡಿ ಬೋರ್ಡು ಓದುವಷ್ಟು ಬರುತ್ತಿತ್ತು, ಅಷ್ಟೆ.

ಆಸ್ಪತ್ರೆಗೆ ಸೇರಲು ಮುಂದಿನ ವಾರ ಬನ್ನಿ ಎಂದಿದ್ದರು. ಮಾರನೆಯ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಇವರು ಹೊರಗೆ ಹೊರಡುವ ಶರಟು ಹಾಕಿಕೊಂಡರು.

"ಎಲ್ಲಿಗೆ?" ಅಂದೆ.

"ಒಂದು ಒಳ್ಳೆ ನೋಟ್‌ಬುಕ್ ಬೇಕಲ್ಲ. ನೀನೂ ಬಾ."

ನಾಲ್ಕನೇ ಬ್ಲಾಕಿನಲ್ಲಿ ಅನಂತರಾಮು ಎಂಬವರದು ಪೆನ್ನು, ಪೇಪರು ಮಾರುವ ಪುಟ್ಟ ಅಂಗಡಿ. ಆಗ ಕಾಗದಕ್ಕೆ ಕೆಟ್ಟ ಕಾಲ. ನೋಟ್‌ಬುಕ್ಕೆಂದರೆ ಮಾಸಲು ಬಣ್ಣದ, ಒರಟೊರಟು ಹಾಳೆ. ಇಂಕ್ ಪೆನ್ನಿಟ್ಟರೆ ಪ್ರತಿ ಅಕ್ಷರಕ್ಕೂ ಮೀಸೆ ಬರುತ್ತಿತ್ತು. ಇವರು ಜೇಬಿನಿಂದ ತಮ್ಮ ಪೆನ್ನು ತೆಗೆದು ಒಂದೊಂದು ಪುಸ್ತಕದ ಕೊನೆಯ ಹಾಳೆಯಲ್ಲೂ ಗೆರೆ ಎಳೆದರು. ಹಾಳೆ ತಿರುಗಿಸಿ ಹಿಂದಕ್ಕೆ ಶಾಯಿ ಇಳಿದಿದೆಯೇ ನೋಡಿದರು. ಬೆಳಕಿಗೆ ಹಿಡಿದರು. ಬೆರಳಿನಿಂದ ಉಜ್ಜಿದರು. ಅದೂ ಸಾಲದೆ ಹಾಳೆಯ ಮೂಲೆಯನ್ನು ನಾಲಿಗೆಗೆ ತಾಗಿಸಿದರು. ಒಳ್ಳೆಯ ಕಾಗದ ಎಂಜಲು ಹೀರುವುದಿಲ್ಲವಂತೆ.

"ಏನ್ರೀ ಇದು, ಉಪ್ಪಿನಕಾಯಿ ರುಚಿ ನೋಡೋ ಹಾಗೆ!" ಎಂದೆ.

"ಸುಮ್ನಿರು, ನಿಂಗೆ ಗೊತ್ತಾಗಲ್ಲ."

"ಸಾರ್, ಇದಕ್ಕಿಂತ ಒಳ್ಳೇದು ಇಡೀ ಜಯನಗರದಲ್ಲಿ ಸಿಕ್ಕಿದ್ರೆ ನನ್ನ ಅಂಗಡೀನೇ ಬರ್ಕೊಡ್ತೀನಿ," ಎಂದರು ಅನಂತರಾಮು.

"ಅಂಗಡಿ ಬೇಡ ರೀ, ಕಾಗದ ಕೊಡಿ. ಇದು ಬ್ಲಾಟಿಂಗ್ ಪೇಪರ್."

ಅಲ್ಲಿಂದ ಗಾಂಧಿಬಜಾರು. ಅಲ್ಲೂ ಒಗ್ಗಲಿಲ್ಲ. ಮರುದಿನ ಬಸ್ಸು ಹತ್ತಿ ಅವೆನ್ಯೂ ರೋಡು. ಅಲ್ಲಿ ಒಂದು ಅಂಗಡಿಯ ಅಟ್ಟದ ಮೇಲಿನಿಂದ ಕಡುನೀಲಿ ಬಟ್ಟೆಯ ಬೈಂಡಿನ ದಪ್ಪ ಪುಸ್ತಕವೊಂದನ್ನು ಇಳಿಸಿ ಧೂಳು ಹೊಡೆದು ಕೊಟ್ಟರು. ಹಾಲಿನ ಕೆನೆಯ ಬಣ್ಣದ ನುಣುಪು ಹಾಳೆ. ಇವರು ಗೆರೆ ಎಳೆದರು, ತಿರುಗಿಸಿದರು, ನೆಕ್ಕಿದರು. ಮುಖ ಅರಳಿತು. ಆಮೇಲೆ ಅಂಗಡಿಯವನ ಜೊತೆ ಶುರುವಾಯಿತು ನೋಡಿ ಮಾತು. ಈ ಕಾಗದ ಯಾವ ಮಿಲ್ಲಿನದು, ಹೊಲಿಗೆ ಬೈಂಡೋ ಅಂಟಿನ ಬೈಂಡೋ, ಬಿಚ್ಚಿಟ್ಟರೆ ಚಪ್ಪಟೆ ಮಲಗುತ್ತದೋ ಇಲ್ಲವೋ. ಒಡೆದ ಗಂಟಲಿನಲ್ಲಿ, ನಡುನಡುವೆ ಕೆಮ್ಮುತ್ತ, ಮದುವೆ ಮನೆಯಲ್ಲಿ ಹಳೆಯ ಸ್ನೇಹಿತ ಸಿಕ್ಕಿದವರ ಹಾಗೆ ಹರಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಬಾಯಲ್ಲಿ ಇನ್ನು ಉಳಿದಿರುವುದು ನಾಲ್ಕು ದಿನದ ಮಾತು. ಅದನ್ನು ಪೇಪರ್ ಅಂಗಡಿಯವನಿಗೆ ಸುರಿಯುತ್ತಿದ್ದಾರಲ್ಲ! ಕಟ್ಟಿಕೊಂಡವಳು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೇನೆ. ನನಗೇನಾದರೂ ಹೇಳುವುದಿದೆಯೇ ಎಂದು ಡಾಕ್ಟರು ಹೇಳಿದ ಗಳಿಗೆಯಿಂದ ಕಾಯುತ್ತಿದ್ದೆ. ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಏನಾದರೂ ಸರಿ, ಆ ದನಿಯಲ್ಲಿ ನನಗೇ ಅಂತ ಒಂದು ಮಾತು ಬೇಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ. "ನನ್ನ ಹತ್ರ ಏನೂ ಮಾತಾಡೋದಿಲ್ವಾ ನಿಮಗೆ?"

"ಏನು ಮಾತಾಡೋದು? ಗ್ಯಾಸ್ ಬುಕ್ ಮಾಡಿದ್ಯಾ?"

"ಗ್ಯಾಸ್ ಹಾಳಾಗ್ಲಿ."

ಅವರು ಮಡಿಲಲ್ಲಿದ್ದ ಪುಸ್ತಕದ ಮೇಲೆ ಕೈ ಆಡಿಸಿದರು. "ಎಲ್ಲಾ ಇದರಲ್ಲಿ ನಿಧಾನವಾಗಿ ಬರೆದು ಹೇಳ್ತೀನಿ. ಯಾಕೆ ಅವಸರ?"

ಸರಿ, ಬರೆದೇ ಹೇಳಲಿ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಆಸೆಯೂ ಆಯಿತು. ಬಾಯಲ್ಲಿ ಹೇಳಲಾಗದ್ದನ್ನು ಕೆಲವರು ಕಾಗದದಲ್ಲಿ ಹೇಳುತ್ತಾರಲ್ಲ.

ಆಪರೇಷನ್ ಆಯಿತು. ಮೂಗಿಗೆ ಒಂದು ನಳಿಗೆ, ಕುತ್ತಿಗೆಗೆ ಬ್ಯಾಂಡೇಜು. ಎದ್ದು ಕೂರುವಷ್ಟು ಆದ ದಿನ ಇವರು ಗಾಳಿಯಲ್ಲಿ ಬರೆಯುವ ಹಾಗೆ ಬೆರಳಾಡಿಸಿ ಪುಸ್ತಕ ಕೇಳಿದರು. ನಾನು ಚೀಲದಿಂದ ತೆಗೆದು ಕೊಟ್ಟೆ, ಪೆನ್ನಿನ ಟೋಪಿಯನ್ನೂ ನಾನೇ ಬಿಚ್ಚಿದೆ. ನಿಧಾನವಾಗಿ ಅರ್ಧ ಪುಟ ಬರೆದರು. ಶಾಯಿ ಒಂದಿಷ್ಟೂ ಹರಡಲಿಲ್ಲ. ಬರೆದು ನನ್ನ ಕೈಗಿಟ್ಟು ಮುಖವನ್ನೇ ನೋಡುತ್ತ ಕೂತರು.

ಇಂಗ್ಲಿಷು. ಒಂದಕ್ಕೊಂದು ಜಡೆ ಹೆಣೆದ ಹಾಗೆ ಬರೆದ ಇಂಗ್ಲಿಷು.

ನಾನು ಪುಸ್ತಕ ನೋಡಿದೆ, ಅವರನ್ನು ನೋಡಿದೆ. ಅವರೂ ನೋಡಿದರು. ಮೂರು ಅಂಗಡಿ ಬೀದಿ ಸುತ್ತಿ, ಕಾಗದ ನೆಕ್ಕಿ ನೆಕ್ಕಿ ಆರಿಸಿ ತಂದಿದ್ದೆವಲ್ಲ, ಯಾವ ಭಾಷೆಯಲ್ಲಿ ಬರೆಯುವುದು ಎಂದು ಇಬ್ಬರ ತಲೆಗೂ ಹೋಗಿರಲಿಲ್ಲ. ಮೂವತ್ತು ವರ್ಷ ಕನ್ನಡದಲ್ಲೇ ಜಗಳವಾಡಿದವರು ನಾವು. ಬರೆದರೂ ಅದೇ ಬರುತ್ತದೆ ಎಂದುಕೊಂಡಿದ್ದೆ ನಾನು. ಪೆನ್ನು ಹಿಡಿದರೆ ತಮಗೆ ಇಂಗ್ಲಿಷು ಮಾತ್ರ ಎಂಬುದು ಅವರಿಗೂ ಆ ಕ್ಷಣದಲ್ಲೇ ನೆನಪಾಗಿರಬೇಕು.

ಅಷ್ಟರಲ್ಲಿ ಮಂಗಳೂರು ಕಡೆಯ ನರ್ಸೊಬ್ಬಳು ಬಂದು ಇಣುಕಿದಳು. "ಓದಿ ಹೇಳಲಾ ಅಮ್ಮ? ನೀವು ಊಟ ಮಾಡ್ತಾ ಇಲ್ಲವಂತೆ, ಮನೆಗೆ ಹೋಗಿ ಮಲಗಬೇಕಂತೆ. ಮತ್ತೆ..."

"ಸಾಕು ಸಿಸ್ಟರ್," ಎಂದು ಪುಸ್ತಕ ಮುಚ್ಚಿದೆ. ಅವಳದೇನೂ ತಪ್ಪಿಲ್ಲ. ಆದರೆ ನನ್ನ ಗಂಡ ನನಗೆ ಬರೆದದ್ದನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೇ? ಅವಳು ಹೋದ ಮೇಲೆ ಹೊಸ ಪುಟ ತೆಗೆದು ಮುಂದಿಟ್ಟೆ. "ಕನ್ನಡದಲ್ಲಿ ಬರೀರಿ."

ಪೆನ್ನು ಹಿಡಿದರು. ಕಾಗದದ ಮೇಲೆ ಹಾಗೇ ನಿಲ್ಲಿಸಿದರು. ನಿಬ್ಬಿನಿಂದ ಒಂದು ಚುಕ್ಕೆ ಇಳಿಯಿತು, ಅಷ್ಟೆ.

"ಈಗಲೂ ನಿಮ್ಮ ಆಫೀಸರ್ ಗತ್ತು ಬಿಡಲ್ವಲ್ಲ! ಕನ್ನಡ ಬರೆದ್ರೆ ಕೈ ಸವೆದುಹೋಗುತ್ತಾ?" ಎಂದುಬಿಟ್ಟೆ.

ಅವರು ಪೆನ್ನಿಗೆ ಟೋಪಿ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಪುಸ್ತಕ ಮುಟ್ಟಲಿಲ್ಲ.

ಮನೆಗೆ ಬಂದ ಮೇಲೂ ಮುಟ್ಟಲಿಲ್ಲ. ನೀರು ಬೇಕಾದರೆ ಲೋಟ ತೋರಿಸುವರು, ಫ್ಯಾನು ಬೇಕಾದರೆ ಮೇಲೆ ನೋಡುವರು. ನಾನು ಒಬ್ಬಳೇ ಮಾತಾಡಿ ಮಾತಾಡಿ ಸುಸ್ತಾಗುತ್ತಿದ್ದೆ. ಜಗಳಕ್ಕಾದರೂ ಎದುರು ಮಾತು ಬೇಡವೇ? ಹೀಗೇ ಮೂಕರಾಗಿ ಮುಗಿದುಹೋಗುತ್ತೇವಾ ಎಂದು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೂ ಉಂಟು.

ಒಂದು ಭಾನುವಾರ ಇವರ ಚಿಕ್ಕಪ್ಪನ ಮಗ ಗುಂಡಣ್ಣ ಬನಶಂಕರಿಯಿಂದ ನೋಡಲು ಬಂದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಅವನಿಗೆ ಕಾಫಿ ಕೊಡುತ್ತ ನನ್ನ ಗೋಳು ತೋಡಿಕೊಂಡೆ.

"ನೋಡಪ್ಪ ನಿಮ್ಮಣ್ಣನ ಜಂಭಾನ. ಹೆಂಡತಿಗೋಸ್ಕರ ನಾಲ್ಕಕ್ಷರ ಕನ್ನಡ ಬರೆಯೋಕೆ ಆಗಲ್ಲ."

ಗುಂಡಣ್ಣ ಲೋಟ ಕೆಳಗಿಟ್ಟ. "ಜಂಭ ಎಲ್ಲಿ ಬಂತು ಅತ್ತಿಗೆ? ಅವನಿಗೆ ಕನ್ನಡ ಬರೆಯೋಕೆ ಬರಲ್ಲ."

"ಏನಂದೆ?"

"ದೊಡ್ಡಪ್ಪ ರೈಲ್ವೇಲಿದ್ರಲ್ಲ. ನಾವು ಓದಿದ್ದೆಲ್ಲ ಅರಕ್ಕೋಣದಲ್ಲಿ. ಸ್ಕೂಲಲ್ಲಿ ತಮಿಳು, ಇಂಗ್ಲಿಷು. ನಾನು ಇಲ್ಲಿ ಅಂಗಡಿ ಇಟ್ಮೇಲೆ ಕಲಿತೆ. ಅವನು ಎಲ್ಲಿ ಕಲಿತ? ಬಸ್ಸಿನ ಬೋರ್ಡು ಕೂಡಿಸ್ಕೊಂಡು ಓದ್ತಾನೆ, ಅಷ್ಟೆ. ನಿಮಗೆ ಗೊತ್ತಿಲ್ವಾ?"

ಅರಕ್ಕೋಣದಲ್ಲಿ ಓದಿದ್ದು ಗೊತ್ತಿತ್ತು. ಮನೆಮಾತು ಕನ್ನಡ, ಇಷ್ಟು ದೊಡ್ಡ ಓದು ಓದಿದವರು, ಬರೆಯಲು ಬಾರದೆ ಇರುತ್ತದೆಯೇ ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ನನ್ನ ಕಡೆ ಎಸೆದು "ಏನಂತೆ ಓದು" ಅನ್ನುತ್ತಿದ್ದರು. ಗತ್ತು ಎಂದುಕೊಂಡೆ. ನೆಂಟರಿಗೆಲ್ಲ ಇನ್‌ಲ್ಯಾಂಡ್ ಲೆಟರ್ ಬರೆಯುವವಳು ನಾನು, ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುವವರು ಅವರು. ಹೆಂಗಸರ ಕೆಲಸ ಎಂದುಕೊಂಡೆ. ಮದುವೆಯಾದ ಹೊಸದರಲ್ಲಿ ಆಷಾಢಕ್ಕೆ ತುಮಕೂರಿನ ತವರಿಗೆ ಹೋಗಿದ್ದೆ. ಒಂದು ಸಾಲು ಕಾಗದ ಬರೆಯಲಿಲ್ಲ ಈ ಪುಣ್ಯಾತ್ಮ. ಬದಲಿಗೆ ಪ್ರತಿ ಭಾನುವಾರ ರೈಲು ಹತ್ತಿ ತಾವೇ ಬಂದು ಜಗಲಿಯಲ್ಲಿ ಕೂತುಬಿಡುತ್ತಿದ್ದರು. ಆಷಾಢದಲ್ಲಿ ಅಳಿಯ ಬರಬಾರದು ಎಂದು ನಮ್ಮಮ್ಮ ಪೇಚಾಡುತ್ತಿದ್ದಳು, ಅಕ್ಕತಂಗಿಯರು ನಗುತ್ತಿದ್ದರು.

ಗುಂಡಣ್ಣನನ್ನು ಕಳಿಸಿ ಒಳಗೆ ಬಂದೆ. ಇವರು ಈಸಿಚೇರಿನಲ್ಲಿದ್ದರು.

"ನಿಮಗೆ ಕನ್ನಡ ಬರೆಯೋಕೆ ಬರಲ್ವಾ?"

ನೆಲ ನೋಡಿದರು. ತಲೆ ಅಡ್ಡಡ್ಡ ಆಡಿಸಿದರು. ಕಿವಿಯೆಲ್ಲ ಕೆಂಪಾಗಿತ್ತು.

"ಅಯ್ಯೋ ರಾಮ! ಒಂದು ಮಾತು ಹೇಳಬಾರ್ದಿತ್ತಾ ಬಾಯಿದ್ದಾಗ!" ಎಂದೆ. ಎಂದ ಮೇಲೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಮರುದಿನ ನಾನೊಬ್ಬಳೇ ಅನಂತರಾಮು ಅಂಗಡಿಗೆ ಹೋಗಿ ಮಕ್ಕಳು ಅಕ್ಷರ ತಿದ್ದುವ ಕಾಪಿ ಪುಸ್ತಕ ತಂದೆ. ಇವರು ಅದರ ಮೂಲೆಯನ್ನು ನಾಲಿಗೆಗೆ ತಾಗಿಸಿ ನೋಡಿ ಪಕ್ಕಕ್ಕೆ ತಳ್ಳಿದರು. ಎದ್ದುಹೋಗಿ ನೀಲಿ ಬೈಂಡಿನ ಪುಸ್ತಕ ತಂದು, ಬಿಚ್ಚಿ, ಪೆನ್ನು ನನ್ನ ಕೈಗೆ ಕೊಟ್ಟರು. ಅಂಥ ಹಾಳೆಯ ಮೇಲೆ ಬರೆಯಲು ನನಗೇ ಕೈ ಬರಲಿಲ್ಲ. ಆದರೂ ಮೇಲೊಂದು ಶ್ರೀ ಬರೆದು ಅ, ಆ ಹಾಕಿಕೊಟ್ಟೆ.

ಎಂಥ ದಡ್ಡ ವಿದ್ಯಾರ್ಥಿ ಅಂತೀರಿ! ಇಂಗ್ಲಿಷು ಬರೆದ ಕೈ ಎಲ್ಲ ಅಕ್ಷರವನ್ನೂ ಓರೆ ಮಾಡುತ್ತಿತ್ತು. ಋ ಬರೆಯಲು ಕೂತರೆ ಹಣೆಯಲ್ಲಿ ಬೆವರು. ಒಂದು ಅಕ್ಷರ ಗುಂಡಗೆ ಬರುವವರೆಗೆ ಮುಂದಿನದಕ್ಕೆ ಹೋಗುವುದಿಲ್ಲ ಎಂಬ ಹಟ ಬೇರೆ. ಪುಟಗಟ್ಟಲೆ ಒಂದೇ ಅಕ್ಷರ.

"ಸೊಟ್ಟಗಿದ್ರೆ ಇರಲಿ ಬಿಡಿ, ನಾನೇನು ಮಾರ್ಕ್ಸ್ ಹಾಕ್ತೀನಾ? ವಿಷಯ ಬರೀರಿ!" ಎಂದು ನಾನು ರೇಗುವುದು, ಅವರು ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟುವುದು. ಅಕ್ಕಪಕ್ಕದವರಿಗೆ ನಮ್ಮ ಮನೆಯಲ್ಲಿ ಮತ್ತೆ ಗಲಾಟೆ ಕೇಳಿಸತೊಡಗಿತು. ಬರಬರುತ್ತ ಕಾಫಿ, ನೀರು, ಉಪ್ಪು ಜಾಸ್ತಿ ಎಂಬಷ್ಟು ಬಂತು. ಉಪ್ಪಿನ ಮಾತಿಗೆ ನಾನು ಜಗಳವಾಡಿದೆ. ಎಷ್ಟು ಸುಖವಾಗಿತ್ತು ಆ ಜಗಳ.

ಅವರೆಕಾಯಿ ಕಾಲ ಬಂತು. ಕುತ್ತಿಗೆಯ ಬಲಗಡೆ ಒಂದು ಸಣ್ಣ ಗಂಟು ಕೈಗೆ ಸಿಗುತ್ತಿದೆ, ನೋಡಬೇಕು, ಮತ್ತೆ ಬನ್ನಿ ಎಂದು ಆಸ್ಪತ್ರೆಯವರು ದಿನ ಕೊಟ್ಟಿದ್ದರು. ನಾನು ಏನೂ ಆಗಲ್ಲ ಎಂದೆ. ಅವರು ತಲೆಯಾಡಿಸಿದರು. ಆ ವಿಷಯ ಅಲ್ಲಿಗೆ ಬಿಟ್ಟೆವು.

ಹೋಗುವ ಹಿಂದಿನ ದಿನ ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಇವರು ಒಳಗೆ ಮೇಜಿನ ಮುಂದೆ ಬಹಳ ಹೊತ್ತು ಕೂತಿದ್ದವರು ಎದ್ದು ಬಂದು, ಪುಸ್ತಕವನ್ನು ನನ್ನ ಮಡಿಲಿನ ಸಿಪ್ಪೆಯ ಮೇಲೆಯೇ ಇಟ್ಟು ಪಕ್ಕದಲ್ಲಿ ಕೂತರು. ಅಕ್ಷರ ಮೇಲೊಂದು ಕೆಳಗೊಂದು. ಎರಡು ಕಡೆ ಹೊಡೆದು ಹಾಕಿದ್ದರು.

"ಆಸ್ಪತ್ರೆಗೆ ಹೋಗುವಾಗ ನನಗೆ ಭಯ ಇತ್ತು. ಬಾಯಲ್ಲಿ ಹೇಳಲು ಆಗಲಿಲ್ಲ. ಈಗಲೂ ಭಯ."

ನನ್ನ ಬಾಯಿ ನನ್ನ ಹತ್ತಿರವೇ ಇತ್ತು. ಏನಾಗುತ್ತೆ ಸುಮ್ನಿರಿ ಅನ್ನಬಹುದಿತ್ತು, ದೇವರಿದ್ದಾನೆ ಅನ್ನಬಹುದಿತ್ತು. ಅದೊಂದೂ ಬೇಡವೆನಿಸಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಬರೆದೆ.

"ನನಗೂ ತುಂಬಾ ಭಯ."

ಅವರು ಕನ್ನಡಕ ಸರಿ ಮಾಡಿಕೊಂಡರು. ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. ತುಟಿಯಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಆ ಮೂರು ಪದ ಓದಿ ಮುಗಿಸುವವರೆಗೆ ನಾನು ಕಾದೆ.