ಷಡಕ್ಷರಪ್ಪನವರ ಪುಸ್ತಕ ತೆರೆದ ದಿನ

ಆ ಕೋಣೆಯ ಬಾಗಿಲು ತಳ್ಳಿದಾಗಲೆಲ್ಲ ಮೊದಲು ಕಾಣುತ್ತಿದ್ದುದು ಮೇಲೆತ್ತಿದ ಒಂದು ಕೈ. ಊರಿನ ಗ್ರಂಥಾಲಯದ ಹಿಂಬದಿಯಲ್ಲಿ, ಕಣ್ಣು ಕಾಣದವರಿಗೆಂದು ಧ್ವನಿಪುಸ್ತಕಗಳನ್ನಿಟ್ಟಿದ್ದ ಕೋಣೆ ಅದು. ಒಂದೇ ಲಿನಕ್ಸ್ ಕಂಪ್ಯೂಟರಿಗೆ ಸಾಲಾಗಿ ಜೋಡಿಸಿದ ಕೀಬೋರ್ಡುಗಳು, ಹೆಡ್‌ಫೋನುಗಳು; ಪ್ರತಿಯೊಬ್ಬರಿಗೂ ಅವರದೇ ಖಾತೆ. ಯಂತ್ರ ಕಿವಿಯಲ್ಲಿ ಪುಸ್ತಕಗಳ ಹೆಸರು ಹೇಳುತ್ತ ಹೋಗುತ್ತಿತ್ತು. ಬೇಕಾದುದು ಬಂದಾಗ ಎಂಟರ್ ಒತ್ತಿದರೆ ಓದು ಶುರು. ತೊಡಕಾದವರು ಕೂಗದೆ ಕೈಯೆತ್ತಬೇಕು, ಪಕ್ಕದವರ ಕತೆ ಕೆಡಬಾರದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋಗಿ ಯಂತ್ರ ನೋಡಿಕೊಳ್ಳುತ್ತಿದ್ದೆ.

ಧ್ವನಿಯನ್ನು ಕತ್ತರಿಸಿ ಜೋಡಿಸುವ ಹೊಸ ಪ್ರೋಗ್ರಾಮೊಂದನ್ನು ಹಾಕಿದ ಮೇಲೆ ಎತ್ತಿದ ಕೈಗಳು ಹೆಚ್ಚಿದವು. ಯಾವ ಪುಸ್ತಕ ಒತ್ತಿದರೂ ಅದನ್ನು ಕೇಳಿಸುವ ಪ್ಲೇಯರಿನ ಬದಲು ಈ ಪ್ರೋಗ್ರಾಮೇ ತೆರೆದುಕೊಂಡು, ಎಲ್ಲಿ ಕತ್ತರಿಸಲಿ ಎಂಬಂತೆ ಸುಮ್ಮನೆ ಕಾಯುತ್ತಿತ್ತು.

ಹೆಚ್ಚು ನೊಂದವರು ಷಡಕ್ಷರಪ್ಪ. ಬಸ್ಸು ಓಡಿಸುತ್ತಿದ್ದವರು, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡಿದ್ದರು.

"ದಾರಿಗೆ, ಊಟಕ್ಕೆ, ಬಟ್ಟೆಗೆ, ಎಲ್ಲಕ್ಕೂ ಯಾರನ್ನಾದ್ರೂ ಕರೀತೀನಿ ಮೇಷ್ಟ್ರೇ. ಪುಸ್ತಕ ಒಂದನ್ನ ನಾನೇ ತೆಗೀತಿದ್ದೆ. ಅದಕ್ಕೂ ಕೈ ಎತ್ತಬೇಕು ಅಂದ್ರೆ ನಾನಿನ್ನು ಬರೋಲ್ಲ."

"ನಾಳೆ ಸರಿಹೋಗುತ್ತೆ," ಎಂದೆ.

ಪ್ಲೇಯರಿನಲ್ಲೇ ತೆರೆಯುವಂತೆ ಅಂದೇ ಬದಲಿಸಿ, ಪರೀಕ್ಷಿಸಿ, ಸಿಳ್ಳೆ ಹಾಕುತ್ತ ಮನೆಗೆ ಹೋದೆ. ಮರುದಿನ ಬಾಗಿಲು ತಳ್ಳಿದರೆ ಸಾಲಿಗೆ ಸಾಲೇ ಕೈಯೆತ್ತಿ ಕುಳಿತಿತ್ತು.

"ಮೇಷ್ಟ್ರು ರಿಪೇರಿ ಮಾಡಿದ ಮೇಲೆ ಏನೂ ಕೇಳದೇ ಇರೋದು ಇನ್ನೂ ಚೆನ್ನಾಗಿ ಕೇಳ್ತಿದೆ," ಎಂದರು ದಿನವೂ ಕತೆ ಕೇಳಲು ಬರುತ್ತಿದ್ದ ಸರ್ವಮಂಗಳಮ್ಮ. ಎಲ್ಲರೂ ನಕ್ಕರು, ಷಡಕ್ಷರಪ್ಪನವರ ಹೊರತು.

ನಾನು ಬದಲಿಸಿದ್ದು ನನ್ನ ಖಾತೆಯಲ್ಲಿ ಮಾತ್ರ, ಪರೀಕ್ಷಿಸಿದ್ದೂ ಅಲ್ಲೇ. ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕೆಂದು ಇಡೀ ಕಂಪ್ಯೂಟರಿಗೇ ಅನ್ವಯಿಸುವಂತೆ ಹೇಳುವ ಸೆಟ್ಟಿಂಗ್ ಬೇರೆಯೇ ಇರುತ್ತದೆ. ಅದನ್ನು ತೆರೆದು, ಎಲ್ಲ ಬಗೆಯ ಧ್ವನಿ ಫೈಲುಗಳ ಮುಂದೆ ಪ್ಲೇಯರಿನ ಹೆಸರು ಬರೆದು, ಎಲ್ಲರೂ ಖಾತೆಯಿಂದ ಹೊರಬಂದು ಮತ್ತೊಮ್ಮೆ ಒಳಹೋಗುವಂತೆ ಹೇಳಿದೆ. ಒಂದೊಂದೇ ಕೈ ಇಳಿಯಿತು. ಮುಖಗಳು ಅರಳಿದವು.

ಕೊನೆಯ ಕುರ್ಚಿಯಲ್ಲಿ ಮಾತ್ರ ಪುಸ್ತಕದ ಓದು ಶುರುವಾಗಲಿಲ್ಲ; ಆದರೂ ಷಡಕ್ಷರಪ್ಪ ಕೈಯೆತ್ತಲಿಲ್ಲ. ಹೆಡ್‌ಫೋನು ತೆಗೆದಿಟ್ಟು ಕೋಲಿಗಾಗಿ ತಡಕಿದರು.

"ಸ್ವಲ್ಪ ಕೂತ್ಕೊಳ್ಳಿ," ಎಂದು ಅವರ ಖಾತೆಯನ್ನು ನೋಡಿದೆ. ನನಗೆ ನಗು ತಡೆಯಲಾಗಲಿಲ್ಲ.

"ಇಲ್ಲಿ ನನ್ನ ಮಾತು ನಡೆಯೋಲ್ಲ ಸ್ವಾಮಿ. ಯಾವುದರಲ್ಲಿ ತೆರೀಲಿ ಅಂತ ಅದು ಕೇಳಿದಾಗ, ಸದಾ ಆ ಹೊಸದರಲ್ಲೇ ಅಂತ ಒತ್ತಿಬಿಟ್ಟಿದ್ದೀರಿ."

"ಕೋಪದಲ್ಲಿ ಏನೇನೋ ಒತ್ತಿದ್ದೆ."

"ಅದನ್ನೇ ನಡೆಸ್ತಿದೆ. ನಾನು ಎಲ್ಲರ ಪರವಾಗಿ ಹೇಳಿದ್ದಕ್ಕಿಂತ, ನಿಮಗೋಸ್ಕರ ನೀವು ಹೇಳಿದ್ದೇ ಅದಕ್ಕೆ ದೊಡ್ಡದು."

ಅವರು ಕೋಲು ಬಿಟ್ಟರು. "ಅಂದ್ರೆ ಇಷ್ಟು ದಿನ ಅದು ನನ್ನ ಮಾತು ಕೇಳ್ತಿತ್ತಾ?"

"ಮನೇಲಿ ನಡೀದಿರೋ ಮಾತು ಇಲ್ಲಾದ್ರೂ ನಡೀತಲ್ಲಪ್ಪ!" ಎಂದರು ಸರ್ವಮಂಗಳಮ್ಮ.

ಷಡಕ್ಷರಪ್ಪ ಹೊಟ್ಟೆ ಕುಲುಕುವಂತೆ ನಕ್ಕರು. ನಾನು ಕೀಬೋರ್ಡಿಗೆ ಕೈಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ನಾನು ಹೇಳಿದ್ದನ್ನ ನಾನೇ ತಿದ್ಕೋತೀನಿ. ಯಾವ ಕೀ ಅಂತ ಮಾತ್ರ ಹೇಳಿ."

ಹೇಳಿದೆ. ಮೆನು ತೆರೆದರು, ಹೆಸರುಗಳನ್ನು ಕೇಳುತ್ತ ಕೆಳಗಿಳಿದರು, ಪ್ಲೇಯರನ್ನು ಆರಿಸಿದರು. ಪುಸ್ತಕಕ್ಕೆ ಹಿಂದಿರುಗಿ, ಬಸ್ಸಿಗೆ ಗೇರು ಹಾಕುವಷ್ಟು ಗಟ್ಟಿಯಾಗಿ ಎಂಟರ್ ಒತ್ತಿದರು. ಕಣ್ಣು ಮುಚ್ಚಿ ಒರಗಿ ಕುಳಿತರು.

ಆ ಮಧ್ಯಾಹ್ನ ಎಲ್ಲರೂ ತೆರೆದಿದ್ದು ಒಂದೇ ಪುಸ್ತಕ, ಮದುವೆಮನೆಯ ಅಡುಗೆಯವರ ಜಗಳದ ನಗೆಗತೆ. ಒಬ್ಬೊಬ್ಬರು ಒಂದೊಂದು ಗಳಿಗೆಗೆ ಶುರು ಮಾಡಿದ್ದರಿಂದ, ಒಂದೇ ಹಾಸ್ಯಕ್ಕೆ ನಗು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ದಾಟುತ್ತ ಹೋಯಿತು. ಆಮೇಲೆ ಕೋಣೆ ಶಾಂತವಾಯಿತು. ಬಹಳ ಹೊತ್ತಿನ ಮೇಲೆ, ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಷಡಕ್ಷರಪ್ಪ ಆ ಜಾಗ ಮುಟ್ಟಿ ಒಬ್ಬರೇ ಗಹಗಹಿಸಿ ನಕ್ಕರು. ಸರ್ವಮಂಗಳಮ್ಮ ತಮ್ಮ ಕತೆಯನ್ನು ನಿಲ್ಲಿಸಿ, ಒಂದು ಕಿವಿಯಿಂದ ಹೆಡ್‌ಫೋನು ಸರಿಸಿಕೊಂಡು, ಅವರ ನಗು ಮುಗಿಯುವವರೆಗೂ ಕೇಳುತ್ತ ಕುಳಿತರು.